ಥೈಮಸ್ ಗಡ್ಡೆಯ ಆಪರೇಷನ್ ಮುಗಿದ ಮೇಲೆ ರೇಡಿಯೇಶನ್: ಕಾಗದದಿಂದ ಕೊನೆಯ ಸಿಟ್ಟಿಂಗ್‌ವರೆಗೆ

ನಮ್ಮ ಕಾಕಾನಿಗೆ ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಜೋತು ಬೀಳುತ್ತಿತ್ತು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ದವಡೆ ಸೋಲುತ್ತಿತ್ತು. ವಯಸ್ಸಾಯಿತಲ್ಲ, ನಿಶ್ಶಕ್ತಿ ಅಂತ ಸುಮ್ಮನಿದ್ದೆವು. ಅದು ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ಅನ್ನುವ ಕಾಯಿಲೆ, ಅದರ ಜೊತೆ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಥೈಮೋಮಾ ಅನ್ನುವ ಗಡ್ಡೆಯೂ ಇದೆ ಅಂತ ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಹೋಗಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಎಂಟನೇ ದಿನ ಮುಂಡರಗಿ ಹತ್ತಿರದ ಊರಿಗೆ ಕರೆತಂದು, ದೃಷ್ಟಿ ತೆಗೆದು ಮನೆಯೊಳಗೆ ಕರೆದುಕೊಂಡೆವು. ಗಡ್ಡೆ ತೆಗೆದರಲ್ಲ, ಮುಗೀತು ಅಂದುಕೊಂಡೆವು.

ಮುಗಿದಿರಲಿಲ್ಲ. ಡಿಸ್ಚಾರ್ಜ್ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತು: ಬಯಾಪ್ಸಿ ರಿಪೋರ್ಟ್ ಇನ್ನೂ ಬರಬೇಕಿದೆ. ಅದನ್ನು ನಾವ್ಯಾರೂ ಓದಲಿಲ್ಲ. ಹನ್ನೆರಡು ದಿನ ಬಿಟ್ಟು ಆ ರಿಪೋರ್ಟ್ ಕಾಕಾನ ಮಗನ ವಾಟ್ಸ್ಯಾಪ್‌ಗೆ ಬಂತು. ಶುಭೋದಯದ ಫೋಟೋಗಳು, ಮದುವೆ ಕಾರ್ಡುಗಳ ನಡುವೆ ಮೂರು ವಾರ ಅಲ್ಲೇ ಬಿದ್ದಿತ್ತು. ನಾನು ಹುಬ್ಬಳ್ಳಿಯಲ್ಲಿ ಇರುವವಳು. ಒಂದು ಭಾನುವಾರ ಊರಿಗೆ ಹೋದಾಗ ಸುಮ್ನೆ ಕೇಳಿದೆ, "ರಿಪೋರ್ಟ್ ಏನ್ ಬಂತೋ?" ಆಗ ಅವನು ಹುಡುಕಿ ತೆಗೆದ. ಮರುದಿನವೇ ಹುಬ್ಬಳ್ಳಿಯಲ್ಲಿ ರೇಡಿಯೇಶನ್ ಡಾಕ್ಟರ್ ಹತ್ತಿರ ಓಡಿದೆವು. ಆಪರೇಷನ್ ಆಗಿ ಏಳನೇ ವಾರ ನಡೆದಿತ್ತು. "ತಡಾ ಏನ್ ಆಗಿಲ್ರಿ, ಆದ್ರ ಇನ್ನ ತಡಾ ಮಾಡಬ್ಯಾಡ್ರಿ" ಅಂದರು. ಸಾಮಾನ್ಯವಾಗಿ ಆಪರೇಷನ್ ಆದ ಮೂರು ತಿಂಗಳೊಳಗೆ ರೇಡಿಯೇಶನ್ ಶುರುವಾಗಬೇಕು.

ಈ ಗಡ್ಡೆ ಬಹಳ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಮೂವರಿಗೋ ಬರುತ್ತದೆ, ಅಷ್ಟೇ. ಸ್ತನದ್ದೋ ಬಾಯಿಯದ್ದೋ ಕ್ಯಾನ್ಸರ್ ಆದರೆ ಓಣಿಯಲ್ಲಿ ಯಾರಾದರೂ ಅನುಭವ ಇದ್ದವರು ಸಿಗುತ್ತಾರೆ. ಇದಕ್ಕೆ ಸಿಗುವುದಿಲ್ಲ. ಅದಕ್ಕೇ ನಾವು ನಡೆದ ದಾರಿಯನ್ನು ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲಸ: ಕಾಗದ ಕೈಗೆ ತಗೊಳ್ಳಿ

ಡಿಸ್ಚಾರ್ಜ್ ಆಗುವ ದಿನವೇ ಬಯಾಪ್ಸಿ ರಿಪೋರ್ಟ್ ಯಾವತ್ತು ಬರುತ್ತದೆ, ಯಾರ ಹತ್ತಿರ ಕೇಳಬೇಕು ಅಂತ ಬರೆದುಕೊಳ್ಳಿ. ಆ ದಿನ ಬಂದರೆ ನೀವೇ ಫೋನ್ ಮಾಡಿ. ಅವರು ಕಳಿಸುತ್ತಾರೆ ಅಂತ ಕಾಯಬೇಡಿ. ಆಪರೇಷನ್ ನೋಟ್ಸ್ ಬೇರೆ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಕಾಗದದಲ್ಲಿ ಅದರ ಸಾರ ಮಾತ್ರ ಇರುತ್ತದೆ. ಗಡ್ಡೆ ಎಲ್ಲಿ ಅಂಟಿಕೊಂಡಿತ್ತು, ಏನೇನು ಕತ್ತರಿಸಿದರು, ಅನುಮಾನ ಇದ್ದ ಜಾಗದಲ್ಲಿ ಗುರುತಿಗೆ ಲೋಹದ ಸಣ್ಣ ಕ್ಲಿಪ್ ಹಾಕಿದ್ದಾರಾ ಅನ್ನುವುದೆಲ್ಲ ಆ ನೋಟ್ಸ್‌ನಲ್ಲಿದೆ. ರೇಡಿಯೇಶನ್ ಡಾಕ್ಟರ್‌ಗೆ ಆ ಕ್ಲಿಪ್ ದಾರಿ ತೋರಿಸುವ ಕಲ್ಲಿದ್ದ ಹಾಗೆ. ಆಪರೇಷನ್‌ಗೆ ಮುಂಚೆ ತೆಗೆದ ಸಿಟಿ ಸ್ಕ್ಯಾನ್‌ನ ಸಿಡಿಯೂ ಬೇಕೇ ಬೇಕು. ಗಡ್ಡೆ ಮೊದಲು ಎಷ್ಟು ಜಾಗ ಹಿಡಿದಿತ್ತು ಅಂತ ಗೊತ್ತಾಗುವುದು ಅದರಿಂದಲೇ. ಬರೀ ರಿಪೋರ್ಟ್ ಹಾಳೆ ಸಾಲದು.

ಬಯಾಪ್ಸಿ ರಿಪೋರ್ಟ್‌ನಲ್ಲಿ ಮೂರು ವಿಷಯ ಹುಡುಕಿ.

ಒಂದು, ಜಾತಿ. ಥೈಮೋಮಾ ಆದರೆ ಎ, ಎಬಿ, ಬಿ1, ಬಿ2, ಬಿ3 ಅಂತ ಬರೆದಿರುತ್ತಾರೆ. ಎ ಮತ್ತು ಎಬಿ ಸಾಮಾನ್ಯವಾಗಿ ಸೌಮ್ಯ. ಬಿ3 ಕಡೆ ಹೋದಂತೆ ಹಟಮಾರಿ. ಥೈಮಿಕ್ ಕಾರ್ಸಿನೋಮಾ ಅಂತ ಇದ್ದರೆ ಅದು ಬೇರೆಯೇ. ಅದು ಬೇಗ ಹರಡುವಂಥದ್ದು, ರೇಡಿಯೇಶನ್ ಜೊತೆ ಕಿಮೋ ಮಾತೂ ಬರಬಹುದು.

ಎರಡು, ಹಂತ. ಮಸಾವೋಕಾ-ಕೋಗಾ ಅಂತ ಜಪಾನಿನ ಡಾಕ್ಟರುಗಳ ಹೆಸರಿನ ಲೆಕ್ಕ ಇದೆ. ಗಡ್ಡೆ ತನ್ನ ಚೀಲದೊಳಗೇ ಇದ್ದರೆ 1. ಚೀಲ ದಾಟಿ ಸುತ್ತಲಿನ ಕೊಬ್ಬಿಗೆ ಹೋಗಿದ್ದರೆ 2. ಹೃದಯದ ಪೊರೆ, ಶ್ವಾಸಕೋಶ, ದೊಡ್ಡ ರಕ್ತನಾಳ ಇವುಗಳನ್ನು ಹಿಡಿದಿದ್ದರೆ 3. ಪೊರೆಗಳ ಮೇಲೆ ಬೀಜ ಚೆಲ್ಲಿದ ಹಾಗೆ ಬೇರೆ ಬೇರೆ ಕಡೆ ಬಿದ್ದಿದ್ದರೆ ಅಥವಾ ದೂರ ಹರಡಿದ್ದರೆ 4. ಕೆಲವು ರಿಪೋರ್ಟ್‌ಗಳಲ್ಲಿ ಇದರ ಬದಲು ಟಿಎನ್‌ಎಂ ಅನ್ನುವ ಇನ್ನೊಂದು ಹಂತದ ಲೆಕ್ಕ ಇರುತ್ತದೆ.

ಮೂರು, ಅಂಚು. ತೆಗೆದ ತುಂಡಿನ ಅಂಚಿನಲ್ಲಿ ಗಡ್ಡೆಯ ಕಣ ಇಲ್ಲದಿದ್ದರೆ ಆರ್0. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಂಡರೆ ಆರ್1. ಕಣ್ಣಿಗೆ ಕಾಣುವಷ್ಟು ಉಳಿದಿದ್ದರೆ ಆರ್2.

ಈ ಮೂರರಲ್ಲಿ ಒಂದು ಬರೆದಿಲ್ಲ ಅಂದರೂ ಕೇಳಿ ಬರೆಸಿಕೊಳ್ಳಿ. ಇನ್ನೊಂದು ಮಾತು: ಅಪರೂಪದ ಗಡ್ಡೆಯ ಜಾತಿ ಗುರುತಿಸುವುದು ಪಳಗಿದವರಿಗೂ ಸುಲಭ ಅಲ್ಲ. ಗಡ್ಡೆಯ ತುಂಡು ಇಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆದು, ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈನ ಟಾಟಾ ಆಸ್ಪತ್ರೆಯಂಥ ಕಡೆ ಇನ್ನೊಮ್ಮೆ ನೋಡಿಸಿದರೆ ಒಳ್ಳೆಯದು. ಇದರಿಂದ ಯಾವ ಡಾಕ್ಟರಿಗೂ ಅವಮಾನ ಆಗುವುದಿಲ್ಲ. ರೋಗಿ ಅಲ್ಲಿಯವರೆಗೆ ಹೋಗುವುದೂ ಬೇಕಿಲ್ಲ, ಮನೆಯವರು ಒಯ್ದರೆ ನಡೆಯುತ್ತದೆ.

ಎಲ್ಲರಿಗೂ ರೇಡಿಯೇಶನ್ ಬೇಕಾ?

ಬೇಡ. ಥೈಮೋಮಾ 1ನೇ ಹಂತದಲ್ಲಿದ್ದು ಪೂರ್ತಿ ತೆಗೆದಿದ್ದರೆ ಸಾಮಾನ್ಯವಾಗಿ ಬೇಡವೇ ಬೇಡ. ಹೆದರಿಕೆಯಿಂದ "ಇರಲಿ, ಕೊಟ್ಟುಬಿಡಿ" ಅಂತ ಒತ್ತಾಯ ಮಾಡಬೇಡಿ. ಹೃದಯದ ಮುಂದೆಯೇ ಕೊಡುವ ಚಿಕಿತ್ಸೆ ಇದು, ಸುಮ್ಮನೆ ತಗೊಳ್ಳುವಂಥದ್ದಲ್ಲ. 2ನೇ ಹಂತದಲ್ಲಿ ಡಾಕ್ಟರುಗಳ ನಡುವೆಯೇ ಒಂದೇ ಅಭಿಪ್ರಾಯ ಇಲ್ಲ. ಜಾತಿ ಬಿ3 ಇದ್ದರೆ, ಚೀಲ ದಾಟಿದ್ದು ಕಣ್ಣಿಗೆ ಕಾಣುವಷ್ಟಿದ್ದರೆ ಕೊಡುವ ಕಡೆ ವಾಲುತ್ತಾರೆ. 3ನೇ ಹಂತಕ್ಕೆ ಸಾಮಾನ್ಯವಾಗಿ ಕೊಡುತ್ತಾರೆ. ಅಂಚಿನಲ್ಲಿ ಕಣ ಉಳಿದಿದ್ದರೆ ಕೊಡಲೇಬೇಕು ಅನ್ನುತ್ತಾರೆ. ಥೈಮಿಕ್ ಕಾರ್ಸಿನೋಮಾಕ್ಕೆ 2ನೇ ಹಂತದಿಂದಲೇ ಯೋಚನೆ ಮಾಡುತ್ತಾರೆ.

ರೇಡಿಯೇಶನ್ ಎಷ್ಟು ಅನ್ನುವುದರ ಅಳತೆ ಗ್ರೇ ಅನ್ನುವ ಲೆಕ್ಕದಲ್ಲಿ. ಅಂಚು ಚೊಕ್ಕ ಇದ್ದರೆ 45ರಿಂದ 50 ಗ್ರೇ, ಆರ್1 ಇದ್ದರೆ ಸುಮಾರು 54, ಕಣ್ಣಿಗೆ ಕಾಣುವಷ್ಟು ಉಳಿದಿದ್ದರೆ 60 ಅಥವಾ ಮೇಲೆ. ದಿನಕ್ಕೆ 1.8ರಿಂದ 2 ಗ್ರೇ, ಸೋಮವಾರದಿಂದ ಶುಕ್ರವಾರ. ಅಂದರೆ ಐದಾರು ವಾರ. ಕಾಕಾನದು ಬಿ2, 3ನೇ ಹಂತ, ಹೃದಯದ ಪೊರೆಯ ಕಡೆ ಆರ್1. ದಿನಕ್ಕೆ 2 ಗ್ರೇಯಂತೆ 27 ಸಿಟ್ಟಿಂಗ್ ಬರೆದರು.

ಎಲ್ಲಿ, ಎಷ್ಟು ಖರ್ಚು

ನಮ್ಮ ಕಡೆಯವರು "ನವನಗರ ಕ್ಯಾನ್ಸರ್ ಆಸ್ಪತ್ರೆ" ಅನ್ನುವುದು ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೆ. ಹುಬ್ಬಳ್ಳಿಯಲ್ಲಿ ರೇಡಿಯೇಶನ್ ಕೊಡುವ ಖಾಸಗಿ ಆಸ್ಪತ್ರೆಯೂ ಇದೆ. ಆಪರೇಷನ್ ಬೆಂಗಳೂರಲ್ಲಿ ಆಗಿದ್ದರೆ ರೇಡಿಯೇಶನ್ನೂ ಅಲ್ಲೇ ಆಗಬೇಕು ಅಂತಿಲ್ಲ. ಐದಾರು ವಾರ ದಿನಾ ಹೋಗಿ ಬರಬೇಕಲ್ವಾ, ಮನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. ಆದರೆ ಎಲ್ಲೇ ಹೋದರೂ ಎರಡು ಪ್ರಶ್ನೆ ಕೇಳಿ. ಹೃದಯ, ಶ್ವಾಸಕೋಶಕ್ಕೆ ಕಡಿಮೆ ಬೀಳುವ ಹಾಗೆ ಐಎಂಆರ್‌ಟಿ (ಜಾಗಕ್ಕೆ ತಕ್ಕ ಹಾಗೆ ಕಿರಣದ ಬಲ ಹೊಂದಿಸುವ ವಿಧಾನ) ಅಥವಾ ಅಂಥ ಪ್ಲ್ಯಾನ್ ಮಾಡುತ್ತೀರಾ? ಉಸಿರಾಡುವಾಗ ಎದೆ ಏರಿಳಿಯುವುದನ್ನು ಲೆಕ್ಕಕ್ಕೆ ಹೇಗೆ ತಗೊಳ್ಳುತ್ತೀರಿ? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ನಮ್ಮ ಡಾಕ್ಟರ್ ಕಂಪ್ಯೂಟರ್ ತಿರುಗಿಸಿ ಹೃದಯದ ಚಿತ್ರವನ್ನೇ ತೋರಿಸಿದರು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಖಾಸಗಿ ಕಡೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಗದಗದವರಿಗೆ ಜಿಮ್ಸ್, ಹಾವೇರಿಯವರಿಗೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ). ಆಪರೇಷನ್‌ಗೆ ಎಷ್ಟು ಖರ್ಚಾಗಿದೆ, ಎಷ್ಟು ಉಳಿದಿದೆ ಅಂತ ಆಸ್ಪತ್ರೆಯಲ್ಲಿರುವ ಈ ಯೋಜನೆಯ ಆರೋಗ್ಯ ಮಿತ್ರ ಕೌಂಟರ್‌ನಲ್ಲಿ ಮೊದಲೇ ನೋಡಿಸಿ. ರೈಲಿನಲ್ಲಿ ಓಡಾಡುವವರಿಗೆ ಕ್ಯಾನ್ಸರ್ ರೋಗಿಯ ರಿಯಾಯಿತಿ ಇದೆ, ಅದರ ಫಾರ್ಮ್‌ಗೆ ಆಸ್ಪತ್ರೆಯಲ್ಲೇ ಸಹಿ ಹಾಕುತ್ತಾರೆ.

ಗೋಡೆ ಹತ್ತುವ ಬೆರಳು

ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ರೇಡಿಯೇಶನ್ ಕೊಡುವಾಗ ಎರಡೂ ಕೈ ತಲೆಯ ಮೇಲೆತ್ತಿ ಅಂಗಾತ ಮಲಗಬೇಕು. ಹತ್ತು ಹದಿನೈದು ನಿಮಿಷ, ಅಲ್ಲಾಡದೆ. ಎದೆಮೂಳೆ ಸೀಳಿ ಆಪರೇಷನ್ ಮಾಡಿಸಿಕೊಂಡವರು ನೋವಿಗೆ ಹೆದರಿ ಕೈ ಎತ್ತುವುದನ್ನೇ ಬಿಟ್ಟಿರುತ್ತಾರೆ. ಭುಜ ಹಿಡಿದುಕೊಂಡಿರುತ್ತದೆ. ಕಾಕಾನ ಕೈ ಕಿವಿಯವರೆಗೂ ಬರುತ್ತಿರಲಿಲ್ಲ.

ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಇಷ್ಟು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ನಡೆದ ಹಾಗೆ ಮೆಲ್ಲಗೆ ಮೇಲೆ ಹತ್ತಿಸಬೇಕು. ನೋವು ಬಂದಲ್ಲಿ ನಿಲ್ಲಬೇಕು. ಕಾಕು ಪಡಸಾಲೆಯ ಸುಣ್ಣದ ಗೋಡೆಯ ಮೇಲೆ ದಿನಾ ಇದ್ದಿಲಿನಿಂದ ಒಂದು ಗೆರೆ ಎಳೆದಳು. ಮೊದಲ ಗೆರೆ ಕಾಕಾನ ಗದ್ದದ ಎತ್ತರ. ಹನ್ನೊಂದನೇ ಗೆರೆ ದೇವರ ಫೋಟೋದ ಕೆಳಗಿನ ಚೌಕಟ್ಟಿಗೆ ಮುಟ್ಟಿತು. ಆ ಗೆರೆಗಳನ್ನು ಅವಳು ಇನ್ನೂ ಅಳಿಸಿಲ್ಲ. ಮೂಳೆ ಕೂಡುವವರೆಗೆ ಎಷ್ಟು ಎತ್ತಬಹುದು ಅಂತ ಸರ್ಜನ್ ಹತ್ತಿರ ಕೇಳಿಯೇ ಶುರು ಮಾಡಿ. ಆ ಎರಡು ಮೂರು ತಿಂಗಳು ಭಾರ ಮಾತ್ರ ಎತ್ತಲೇಬಾರದು. ಮುಂಗಾರಿ ಬಿತ್ತನೆ ಬಂತು ಅಂತ ಗೊಬ್ಬರದ ಚೀಲಕ್ಕೆ ಕೈ ಹಾಕಿದರೆ ಮೂಳೆಯ ಹೊಲಿಗೆ ಬಿಟ್ಟುಕೊಳ್ಳಬಹುದು.

ಪ್ಲ್ಯಾನಿಂಗ್ ದಿನ

ಆವತ್ತು ಚಿಕಿತ್ಸೆ ಇರುವುದಿಲ್ಲ, ಬರೀ ಅಳತೆ. ಮಲಗಿಸಿ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಎದೆಯ ಮೇಲೆ ಬಣ್ಣದ ಇಂಕಿನಲ್ಲಿ ಗೆರೆ ಹಾಕುತ್ತಾರೆ, ಕೆಲವು ಕಡೆ ಹಚ್ಚೆಯ ಸಣ್ಣ ಚುಕ್ಕೆ ಚುಚ್ಚುತ್ತಾರೆ. ದೊಡ್ಡ ಉಸಿರು ಎಳೆಯಬೇಡಿ, ದಿನಾ ಆಡುವ ಹಾಗೇ ಆಡಿ ಅನ್ನುತ್ತಾರೆ. ಪೇಸ್‌ಮೇಕರ್ ಇದ್ದರೆ, ಮೊದಲು ಯಾವಾಗಾದರೂ ಎದೆಗೆ ರೇಡಿಯೇಶನ್ ಆಗಿದ್ದರೆ, ಅಂಗಾತ ಮಲಗಿದರೆ ದಮ್ಮು ಬರುತ್ತಿದ್ದರೆ ಆಗಲೇ ಹೇಳಿ. ಈ ಆಪರೇಷನ್‌ನಲ್ಲಿ ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಆಡಿಸುವ ನರ ಕೆಲವೊಮ್ಮೆ ಹೋಗಿರುತ್ತದೆ, ಮಲಗಿದಾಗ ದಮ್ಮು ಬರುವುದಕ್ಕೆ ಅದೂ ಕಾರಣ ಇರಬಹುದು. ಹೆಣ್ಣುಮಕ್ಕಳು ಬಸುರಿನ ಅನುಮಾನ ಇದ್ದರೆ ಮುಚ್ಚಿಡಬಾರದು. ಸ್ಕ್ಯಾನ್ ಆದ ಮೇಲೆ ಪ್ಲ್ಯಾನ್ ತಯಾರಾಗಲು ಕೆಲವು ದಿನ ಹಿಡಿಯುತ್ತದೆ. ಅದು ಸುಮ್ಮನೆ ಕಾಯಿಸುವುದಲ್ಲ.

ಗೆರೆ ಅಳಿಸಬಾರದು. ನಮ್ಮ ಮನೆಯಲ್ಲಿ ಎರಡನೇ ವಾರವೇ ಅಳಿಸಿತು. ಕಾಕು ಬೆನ್ನು ತಿಕ್ಕುವಾಗ ಎದೆಗೂ ಸೋಪು ಹಚ್ಚಿಬಿಟ್ಟಳು. ಮಗ ಸ್ಕೆಚ್ ಪೆನ್ ತಂದು ಅಂದಾಜಿನ ಮೇಲೆ ತಿದ್ದಲು ಕೂತಿದ್ದ. ಪುಣ್ಯಕ್ಕೆ ನನಗೆ ಫೋನ್ ಮಾಡಿದ, ನಾನು ಬೇಡ ಅಂದೆ. ಮರುದಿನ ಮಷೀನ್ ನಡೆಸುವವರಿಗೆ ಹೇಳಿದಾಗ ಅವರು, "ಅಳಿಸಿದ್ರ ಅಳಿಸ್ಲಿ, ನಮಗ ಹೇಳ್ರಿ. ನೀವ ಮಾತ್ರ ತಿದ್ದಬ್ಯಾಡ್ರಿ" ಅಂದರು. ಗೆರೆ ಒಂದು ಬೆರಳು ಸರಿದರೆ ಕಿರಣವೂ ಸರಿಯುತ್ತದೆ.

ದಿನದ ಸಿಟ್ಟಿಂಗ್

ನಮ್ಮ ಕಡೆ ಇದಕ್ಕೆ "ಕರೆಂಟ್ ಕೊಡೋದು" ಅಂತಾರೆ. ಆ ಮಾತಿನಿಂದಲೇ ಅರ್ಧ ಹೆದರಿಕೆ. ಕರೆಂಟೂ ಇಲ್ಲ, ಶಾಕೂ ಇಲ್ಲ. ಎಕ್ಸ್‌ರೇಯಂಥದ್ದೇ ಕಿರಣ, ಶಕ್ತಿ ಜಾಸ್ತಿ. ಕೊಡುವಾಗ ನೋವಿಲ್ಲ, ಸುಡುವುದಿಲ್ಲ. ಹೊರಗೆ ಬಂದ ಮೇಲೆ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು. ಕಾಕಾ ಮೊದಲ ವಾರ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದರು. ಯಾರೋ ಬಸ್ಸಿನಲ್ಲಿ ಹೇಳಿದ್ದರಂತೆ. ಡಾಕ್ಟರ್ ಹೇಳಿದ ಮೇಲೆಯೇ ಬಿಟ್ಟರು.

ಓಡಾಟದ ಬಗ್ಗೆ ನನ್ನ ಅಭಿಪ್ರಾಯ: ಮೊದಲ ಎರಡು ವಾರ ಗದಗದಿಂದ, ಹಾವೇರಿಯಿಂದ ಹೋಗಿ ಬರಬಹುದು. ಮೂರನೇ ವಾರದಿಂದ ಸುಸ್ತು ಏರುತ್ತದೆ. ಆಗ ಹುಬ್ಬಳ್ಳಿಯಲ್ಲೇ ಬೀಗರ ಮನೆಯೋ ಬಾಡಿಗೆ ಖೋಲಿಯೋ ನೋಡಿಕೊಳ್ಳಿ. ದಿನ ತಪ್ಪಿಸಬೇಡಿ. ನಾಲ್ಕನೇ ವಾರದಲ್ಲಿ ಪಂಚಮಿ ಬಂತು. "ಎರಡ ದಿನ ಬಿಡ್ರಿ ಡಾಕ್ಟರ್, ಹಾಲೆರದ ಬರ್ತೀನಿ" ಅಂತ ಕಾಕಾ ಕೇಳಿದರು. ಮಧ್ಯೆ ಬಿಟ್ಟರೆ ಉಳಿದ ಕಣಗಳಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ ಅಂತ ಅವರು ಕೂರಿಸಿ ತಿಳಿಸಿದರು. ಆ ವರ್ಷ ನಮ್ಮ ಮನೆಯಲ್ಲೇ ಹಾಲೆರೆದೆವು. ಮಷೀನ್ ಕೆಟ್ಟು ದಿನ ತಪ್ಪಿದರೆ ಹೇಗೆ ತುಂಬಿಸುತ್ತೀರಿ ಅಂತ ಕೇಳಿ, ಅದಕ್ಕೆ ಅವರ ಹತ್ತಿರ ದಾರಿ ಇದೆ.

ಎದೆಯ ಚರ್ಮ ಕೆಂಪಾಗಬಹುದು, ಕಪ್ಪಾಗಬಹುದು. ಅರಿಶಿನ, ಬಾಮ್, ಬಿಸಿನೀರಿನ ಶಾಖ ಬೇಡ. ಸಡಿಲ ಹತ್ತಿ ಬಟ್ಟೆ ಹಾಕಿ. ಬೀಡಿ, ಗುಟ್ಕಾ ಆವತ್ತೇ ಬಿಡಿ.

ನುಂಗುವಾಗ ಉರಿ ಶುರುವಾದರೆ

ಅನ್ನನಾಳ ಅಲ್ಲೇ ಹಿಂದೆ ಇರುವುದರಿಂದ ಎರಡನೇ ಮೂರನೇ ವಾರಕ್ಕೆ ಗಂಟಲಿನ ಕೆಳಗೆ ತುತ್ತು ನಿಂತ ಹಾಗೆ, ಉರಿದ ಹಾಗೆ ಆಗುತ್ತದೆ. ಎಲ್ಲರಿಗೂ ಒಂದೇ ತರ ಅಲ್ಲ. ನಮ್ಮ ಭಾಗದ ಊಟಕ್ಕೆ ಇದು ನಿಜಕ್ಕೂ ಕಷ್ಟ. ಕಟಿ ರೊಟ್ಟಿ, ರಂಜಕ, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಪಲ್ಯ, ಗಿರ್ಮಿಟ್, ಮಿರ್ಚಿ, ಕೊತಕೊತ ಬಿಸಿ ಚಹಾ, ಇವೆಲ್ಲ ಕೆಲವು ವಾರ ಬದಿಗಿಡಬೇಕು. ಹಾಗಂತ ರೊಟ್ಟಿ ಬಿಟ್ಟರೆ ಊಟವೇ ಮಾಡಿದ ಹಾಗಾಗುವುದಿಲ್ಲ ಅನ್ನುವ ಜೀವ ನಮ್ಮ ಕಾಕಾ. ಕಾಕು ಮೆತ್ತನೆಯ ಬಿಸಿ ರೊಟ್ಟಿ ಬಡಿದು, ಅಂಚು ತೆಗೆದು, ಉಗುರುಬೆಚ್ಚಗಿನ ಹಾಲಿನಲ್ಲಿ ಚೂರು ಮಾಡಿ ಹತ್ತು ನಿಮಿಷ ನೆನೆಯಿಟ್ಟು ಕಿವುಚುತ್ತಿದ್ದಳು. ಅದು ಇಳಿಯುತ್ತಿತ್ತು. ಜೋಳದ ನುಚ್ಚು ಮಜ್ಜಿಗೆ, ಹೆಸರುಬೇಳೆ ಕಿಚಡಿ, ಮೊಸರನ್ನ, ತೆಳ್ಳಗಿನ ಸಜ್ಜಕ, ಮೆತ್ತಗೆ ಬೇಯಿಸಿದ ಮೊಟ್ಟೆ ಕೂಡ ಇಳಿದವು. ಸಕ್ಕರೆ ಕಾಯಿಲೆ ಇದ್ದವರು ಸಿಹಿ ನೋಡಿಕೊಂಡು ತಿನ್ನಿ. ಎರಡು ಹೊತ್ತಿನ ದೊಡ್ಡ ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಊಟಕ್ಕೆ ಮುಂಚೆ ಕುಡಿಯಲು ಉರಿ ತಗ್ಗಿಸುವ ಔಷಧಿ ಕೊಡುತ್ತಾರೆ, ನಾಚಿಕೆ ಪಡದೆ ಕೇಳಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ನೀರೂ ಇಳಿಯದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಮುಗಿದು ಕೆಲವು ವಾರಕ್ಕೆ ಈ ಉರಿ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ.

ಮಯಸ್ತೇನಿಯಾ ಇದ್ದವರು ಇದನ್ನು ಎರಡು ಸಲ ಓದಿ

ಥೈಮೋಮಾ ಇರುವ ಮೂವರಲ್ಲಿ ಒಬ್ಬರಿಗಾದರೂ ಈ ಕಾಯಿಲೆ ಜೊತೆಗಿರುತ್ತದೆ. ಗಡ್ಡೆ ತೆಗೆದ ಕೂಡಲೇ ಅದು ಹೋಗುವುದಿಲ್ಲ. ಪಿರಿಡೋಸ್ಟಿಗ್ಮಿನ್ ಗುಳಿಗೆಯ ಹೊತ್ತು ತಪ್ಪಿಸಬೇಡಿ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತಗೊಂಡರೆ ನುಂಗಲು ಬಲ ಬರುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ಕೂತು ಹೊತ್ತು ಮೀರುವುದು ಸಹಜ, ಅದಕ್ಕೇ ಒಂದು ಪಟ್ಟಿ ಗುಳಿಗೆ ಜೇಬಿನಲ್ಲಿರಲಿ. ಸ್ಟೆರಾಯ್ಡ್ ಗುಳಿಗೆಯನ್ನು ನೀವಾಗೇ ನಿಲ್ಲಿಸಬೇಡಿ.

ನುಂಗುವ ತೊಂದರೆ ಬಂದಾಗ ಅದು ರೇಡಿಯೇಶನ್ ಉರಿಯೋ, ಮಯಸ್ತೇನಿಯಾ ಸೋಲೋ ಅಂತ ತಿಳಿಯಬೇಕು. ಉರಿ, ನೋವು ಇದ್ದರೆ ಹೆಚ್ಚಾಗಿ ರೇಡಿಯೇಶನ್. ನೋವಿಲ್ಲದೆ ಕೆಮ್ಮು ಬರುವುದು, ನೀರು ಮೂಗಿನಿಂದ ಬರುವುದು, ಮಾತು ಮೂಗಿನಲ್ಲಿ ಆಡಿದ ಹಾಗಾಗುವುದು, ಕತ್ತು ಎತ್ತಲಾಗದಿರುವುದು ಮಯಸ್ತೇನಿಯಾದ ಲಕ್ಷಣ. ಅದರ ಮೇಲೆ ಉಸಿರು ಸಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೇ ಹೋಗಿ.

ಊರಿನ ಡಾಕ್ಟರ್ ಹತ್ತಿರ ಜ್ವರ, ಕೆಮ್ಮು ಅಂತ ಹೋದಾಗ ಮೊದಲ ಮಾತು "ಮಯಸ್ತೇನಿಯಾ ಐತ್ರಿ" ಅಂತಲೇ ಇರಲಿ. ಅಜಿಥ್ರೋಮೈಸಿನ್, ಸಿಪ್ರೋಫ್ಲೊಕ್ಸಾಸಿನ್, ಲಿವೋಫ್ಲೊಕ್ಸಾಸಿನ್, ಜೆಂಟಾಮೈಸಿನ್ ಇಂಥ ದಿನಬಳಕೆಯ ಔಷಧಿಗಳೇ ಈ ಕಾಯಿಲೆಯನ್ನು ಒಮ್ಮೆಲೇ ಕೆರಳಿಸಬಹುದು. ಬಿಪಿಯ ಕೆಲವು ಗುಳಿಗೆ, ಮೆಗ್ನೀಷಿಯಂ ಇಂಜೆಕ್ಷನ್ ಕೂಡ. ನಾನು ಕಾಕಾನ ಜೇಬಿಗೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದ ಚೀಟಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಹಾಕಿಸಿದ್ದೇನೆ.

ಮುಗಿದ ಮೇಲೆ

ರೇಡಿಯೇಶನ್ ಮುಗಿದು ಒಂದರಿಂದ ಆರು ತಿಂಗಳೊಳಗೆ ಒಣ ಕೆಮ್ಮು, ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ದಮ್ಮು ಬಂದರೆ ಅದು ನೆಗಡಿಯೇ ಆಗಿರಬೇಕಿಲ್ಲ. ಶ್ವಾಸಕೋಶಕ್ಕೆ ಕಿರಣದಿಂದ ಉರಿಯೂತ ಆಗಿರಬಹುದು. ಬೇಗ ಹೋದರೆ ಔಷಧಿಗೆ ಬಗ್ಗುತ್ತದೆ. ತಡಮಾಡಿದರೆ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿಯಬಹುದು. ಆಮೇಲಿನ ವರ್ಷಗಳಲ್ಲಿ ಹೃದಯದ ಕಡೆ ಕಣ್ಣಿರಲಿ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಹಿಡಿತದಲ್ಲಿರಬೇಕು. ಎದೆನೋವಿಗೆ ಯಾವ ಡಾಕ್ಟರ್ ಹತ್ತಿರ ಹೋದರೂ ಎದೆಗೆ ರೇಡಿಯೇಶನ್ ಆಗಿದೆ ಅಂತ ಹೇಳಿ.

ಥೈಮೋಮಾ ನಿಧಾನದ ಗಡ್ಡೆ. ಹತ್ತು ವರ್ಷ ಆದ ಮೇಲೂ ಶ್ವಾಸಕೋಶದ ಪೊರೆಯ ಮೇಲೆ ಮತ್ತೆ ಕಾಣಿಸಿಕೊಂಡದ್ದಿದೆ. ಆದ್ದರಿಂದ ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಥೈಮೋಮಾಕ್ಕೆ ಹತ್ತು ವರ್ಷದವರೆಗೆ, ಕಾರ್ಸಿನೋಮಾಕ್ಕೆ ಐದು ವರ್ಷದವರೆಗೆ. ಕಾರ್ಸಿನೋಮಾದವರನ್ನು ಶುರುವಿನಲ್ಲಿ ಇನ್ನೂ ಬೇಗ ಬೇಗ ಕರೆಯಬಹುದು. ಕೊನೆಯ ದಿನ ಬಿಡುವಾಗ ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಯಾವ ಜಾಗ ಅಂತ ಬರೆದ ಸಾರಾಂಶ ಕಾಗದ ಕೇಳಿ ತಗೊಳ್ಳಿ. ಮುಂದೆ ಯಾವತ್ತಾದರೂ ಮತ್ತೆ ಚಿಕಿತ್ಸೆ ಬೇಕಾದರೆ ಮೊದಲು ಕೇಳುವುದೇ ಅದನ್ನು. ಹೊಸ ಸ್ಕ್ಯಾನ್‌ಗೆ ಹೋಗುವಾಗ ಹಳೆಯ ಸಿಡಿಯನ್ನೂ ಒಯ್ಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇ ವ್ಯತ್ಯಾಸ ತಿಳಿಯುವುದು.

ಕಾಕಾನ ಫೈಲ್ ಈಗ ಹಳೆಯ ಸೀರೆಯಲ್ಲಿ ಹೊಲಿದ ಚೀಲದಲ್ಲಿ, ಆ ಇದ್ದಿಲಿನ ಗೆರೆಗಳ ಪಕ್ಕದ ಮೊಳೆಗೆ ತೂಗುಹಾಕಿದೆ. ಅದರ ಮೇಲೆ ಕಾಕು ಮಗನಿಂದ ಮುಂದಿನ ಸ್ಕ್ಯಾನ್ ತಾರೀಖು ಬರೆಸಿ ಅಂಟಿಸಿದ್ದಾಳೆ. ಒಂದು ತಾರೀಖು ಮುಗಿದರೆ ಅದನ್ನು ಕಿತ್ತು, ಅದರ ಮುಂದಿನದನ್ನು ಅಂಟಿಸುತ್ತಾಳೆ.